ತೂಫಾನನ ಬಗ್ಗೆ ಹೇಳದೆ ಉಳಿದದ್ದು

ಬಂಗಾಲಿ ಟೋಲಾ, ವಾರಾಣಸಿ
ಭಾನುವಾರ ಬೆಳಿಗ್ಗೆ

ಕಮಲಾದೇವಿ ಅಮ್ಮನವರಿಗೆ ವಸುಮತಿಯ ನಮಸ್ಕಾರಗಳು.

ಈ ಕಾಗದ ತಂದಿರುವವರು ನನ್ನ ಯಜಮಾನರು, ಓಂಕಾರ್. ಜೊತೆಗಿರುವ ಕಂದು ನಾಯಿಯೇ ತೂಫಾನ್. ದಯವಿಟ್ಟು ಇದನ್ನು ಪೂರ್ತಿ ಓದುವ ತನಕ ಅವನನ್ನು ಗೇಟಿನ ಹೊರಗೇ ನಿಲ್ಲಿಸಿ.

ಮೊನ್ನೆ ತೂಫಾನನನ್ನು ಸಾಕಿಕೊಳ್ಳುತ್ತೀರಾ ಎಂದು ಕೇಳಲು ನಿಮ್ಮ ಸಾರನಾಥದ ತೋಟಕ್ಕೆ ಬಂದಾಗ, ಇವನನ್ನು ಮೊದಲು ಸಾಕಿದ್ದವರು ಊರು ಬಿಟ್ಟರು ಅಂದಿದ್ದೆ. ಅದು ಸುಳ್ಳು. ತೂಫಾನ್ ಖುಷಿಯಾದರೆ ಮುಂಗಾಲೆತ್ತಿ ಮೈಮೇಲೆ ಹಾರುತ್ತಾನೆ. ಹಾಗೆ ಹಾರಿ ಆ ಮನೆಯ ಅಜ್ಜನನ್ನು ಬೀಳಿಸಿದ, ಅವರ ಮಣಿಕಟ್ಟು ಮುರಿಯಿತು. ಆಮೇಲೆ ಅವರು ಇವನನ್ನು ಒಂದು ತಿಂಗಳು ಮೆಟ್ಟಿಲ ಕೆಳಗೆ ಸರಪಳಿ ಹಾಕಿ ಕಟ್ಟಿದ್ದರು. ನಾನು ನೋಡಲು ಹೋದಾಗ ಬಾಲ ಕೂಡ ಆಡಿಸಲಿಲ್ಲ. ಅವತ್ತೇ ಕರೆದುಕೊಂಡು ಬಂದೆ.

ನಮ್ಮದು ಮೂರನೇ ಮಹಡಿಯ ಎರಡು ಕೋಣೆ. ಕೋತಿ ಕಂಡರೆ ಬಾಲ್ಕನಿಯಿಂದ ಪಕ್ಕದ ಛಾವಣಿಗೆ ಜಿಗಿಯುತ್ತಾನೆ. ಇವತ್ತು ಗುರಿ ತಪ್ಪಿ ಕೆಳಗೆ ಬಿದ್ದನೇನೋ ಎಂಬ ಭಯದಲ್ಲೇ ನಾನು ಯೂನಿವರ್ಸಿಟಿಯಲ್ಲಿ ಪಾಠ ಮಾಡುತ್ತೇನೆ. ನಿಮ್ಮಲ್ಲಿ ಓಡಲು ಜಾಗವಿದೆ. ಆದರೆ ನಿಮ್ಮ ಮಂಡಿ ಆಪರೇಷನ್ ಆಗಿ ಇನ್ನೂ ಆರು ತಿಂಗಳಾಗಿಲ್ಲ. "ನನಗೂ ಓಡಾಡೋಕೆ ಒಂದು ಜೊತೆ ಆಯ್ತು ಬಿಡಮ್ಮ" ಎಂದು ನೀವು ನಕ್ಕಾಗ ನಿಜ ಹೇಳಲು ಬಾಯಿ ಬರಲಿಲ್ಲ.

ಒಪ್ಪಿದರೆ, ಬೆಳಿಗ್ಗೆ ಮೊದಲು ಓಡಲು ಬಿಟ್ಟು, ದಣಿದ ಮೇಲೆ ಹತ್ತಿರ ಕರೆಯಿರಿ. "ಬೈಠ್" ಅಂದರೆ ಕೂರುತ್ತಾನೆ, ಕನ್ನಡ ಗೊತ್ತಾಗುವುದಿಲ್ಲ. ಬೇಡವೆನಿಸಿದರೆ ಕಾರಣ ಹೇಳಬೇಕಾಗಿಲ್ಲ, ಓಂಕಾರ್ ಅದೇ ಆಟೋದಲ್ಲಿ ಕರೆತರುತ್ತಾರೆ. ಅವನ ನೀರಿನ ಬಟ್ಟಲನ್ನು ನಾನಿನ್ನೂ ಎತ್ತಿಟ್ಟಿಲ್ಲ.

ನಿಮ್ಮ
ವಸುಮತಿ