ಫ್ಲೆಕ್ಸ್‌ನಲ್ಲಿ ಮತ ಹಾಕಿದವಳ ಅಹವಾಲು

ಮತದಾರರ ಪಟ್ಟಿ ಕಾಯುತ್ತಿರುವ ಮಾನ್ಯರೇ,

ಕಳೆದ ಚುನಾವಣೆಯಲ್ಲಿ ನನ್ನನ್ನು ಮತಗಟ್ಟೆಯಿಂದ ವಾಪಸು ಕಳಿಸಲಾಯಿತು. ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಅದೇ ಮತಗಟ್ಟೆಯ ಕಾಂಪೌಂಡಿಗೆ ಕಟ್ಟಿದ್ದ ಫ್ಲೆಕ್ಸ್‌ನಲ್ಲಿ ಮಾತ್ರ ನಾನು ಆಳೆತ್ತರಕ್ಕೆ ನಿಂತು, ಗುರುತು ಹಾಕಿದ ಬೆರಳೆತ್ತಿ ನಗುತ್ತಿದ್ದೆ. ಕೆಳಗೆ ದಪ್ಪ ಅಕ್ಷರಗಳಲ್ಲಿ ‘ನಾನು ಮತ ಹಾಕಿದೆ. ನೀವು?’ ಎಂದಿತ್ತು. ನಾನು ಅಳುಮೋರೆಯಲ್ಲಿ ಹೊರಬರುವಾಗ ಇಬ್ಬರು ಹಿರಿಯರು ಫ್ಲೆಕ್ಸ್ ನೋಡಿ, ನನ್ನನ್ನು ನೋಡಿ, “ಶಭಾಷ್ ಕಣಮ್ಮ” ಅಂದರು.

ನಾನು ಮೊಳಕಾಲ್ಮೂರಿನ ನೇಕಾರರ ಮನೆಯವಳು, ಚಳ್ಳಕೆರೆಯಲ್ಲಿ ಪದವಿ ಓದುತ್ತಿದ್ದೇನೆ. ಕಾಲೇಜಿನವರು ನನ್ನನ್ನು ಮತದಾನ ಜಾಗೃತಿಯ ರಾಯಭಾರಿ ಮಾಡಿದರು. ದನಿ ಜೋರಿರುವವರಿಗೆ ಇಂಥ ಗೌರವ ಬೇಗ ಸಿಗುತ್ತದೆ. ಫೋಟೋ ತೆಗೆಯಲು ಬಂದವರು ಸ್ಕೆಚ್ ಪೆನ್ನಿನಿಂದ ನನ್ನ ಬೆರಳಿಗೆ ಗುರುತು ಹಾಕಿದರು. ಆ ಅಳಿಸಲಾಗದ ಶಾಯಿ ಸಂಜೆ ಪಾತ್ರೆ ತೊಳೆಯುವಾಗಲೇ ಹೋಯಿತು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಆದರೆ ಬಸ್ ಸ್ಟ್ಯಾಂಡಿನಲ್ಲಿ ಜನ ಗುರುತು ಹಿಡಿಯುತ್ತಿದ್ದರಲ್ಲ, ನನ್ನ ಕಾಲು ನೆಲದ ಮೇಲಿರಲಿಲ್ಲ. ಪಟ್ಟಿಯಲ್ಲಿ ಹೆಸರು ನೋಡಿಕೊಳ್ಳಿ ಎಂದು ತಳಕು ಗ್ರಾಮದವರೆಗೂ ಹೋಗಿ ಕೂಗಿ ಬಂದೆ. ನನ್ನದನ್ನು ನೋಡಿಕೊಳ್ಳಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರೆ. ನಾನು ದೀಪ ಅಂದುಕೊಂಡದ್ದೇ ಮೊದಲ ತಪ್ಪು.

ಆಮೇಲೆ ವಿಚಾರಿಸಿದರೆ, ಹೆಸರು ಸೇರಿಸಲು ನಾನು ಹಾಕಿದ್ದ ಅರ್ಜಿಯನ್ನು ‘ಮನೆಗೆ ಬೀಗ, ವಾಸವಿಲ್ಲ’ ಎಂದು ತಿರಸ್ಕರಿಸಲಾಗಿತ್ತು. ಸ್ವಾಮಿ, ನಮ್ಮ ಮನೆಗೆ ಬೀಗವೇ ಇಲ್ಲ. ನಿಮ್ಮವರು ಪರಿಶೀಲನೆಗೆ ಬಂದ ದಿನ ಮಗ್ಗಕ್ಕೆ ಹೊಸ ಹಾಸು ಕೂಡಿಸುತ್ತಿದ್ದೆವು. ಹಳೆಯ ರೇಷ್ಮೆ ಎಳೆಯ ತುದಿಗೆ ಹೊಸ ಎಳೆಯನ್ನು ಬೂದಿ ಮುಟ್ಟಿದ ಬೆರಳಲ್ಲಿ ಒಂದೊಂದಾಗಿ ಹೊಸೆಯುವ ಕೆಲಸ. ಗಾಳಿ ಬಂದರೆ ಎಳೆಗಳು ಸಿಕ್ಕಾಗುತ್ತವೆ, ಅದಕ್ಕೇ ಬಾಗಿಲು ಹಾಕಿರುತ್ತೇವೆ. ನಮ್ಮ ಬೀದಿಯವರು ಹಗಲಲ್ಲಿ ಮುಚ್ಚಿದ ಬಾಗಿಲು ಕಂಡರೆ ತಟ್ಟದೆ ಸಂಜೆ ಬರುತ್ತಾರೆ. ನಿಮ್ಮವರು ತಟ್ಟಿದ್ದು ನನಗೆ ಕೇಳಿಸಿತ್ತು. ಕೈಯಲ್ಲಿ ಎಳೆಯಿತ್ತು, ಯಾರಾದರೇನು, ಸಂಜೆ ಬರುತ್ತಾರೆ ಅಂದುಕೊಂಡೆ. ಸರ್ಕಾರ ಮತ್ತೊಮ್ಮೆ ಬರುವುದಿಲ್ಲವೆಂದು ರಾಯಭಾರಿಗೇ ಗೊತ್ತಿರಲಿಲ್ಲ. ಪಕ್ಕದ ಮನೆಯ ವೆಂಕಟೇಶಪ್ಪನವರು ಜಗಲಿಯಲ್ಲೇ ಕೂತಿದ್ದರು. ಅವರನ್ನು ಒಂದು ಮಾತು ಕೇಳಿದ್ದರೆ ಏನು ಗಂಟು ಹೋಗುತ್ತಿತ್ತು?

ನಿಮ್ಮ ಕಚೇರಿಗೆ ಹೋದೆ. ಮೇಜಿನಾಚೆಯವರು, “ಮನೇಲಿ ತೆಲುಗು ಮಾತಾಡ್ತೀರಾ? ಹಂಗಾದ್ರೆ ಆಂಧ್ರದ ರಾಯದುರ್ಗದ ಕಡೆ ಪಟ್ಟೀಲಿ ಹೆಸರಿಲ್ಲ ಅಂತ ಅಲ್ಲಿಂದ ಬರೆಸ್ಕೊಂಡು ಬಾರಮ್ಮ” ಅಂದರು. ಒಂದು ಮದುವೆ ಊಟ ಬಿಟ್ಟರೆ ರಾಯದುರ್ಗಕ್ಕೂ ನನಗೂ ಸಂಬಂಧವಿಲ್ಲ. ನಾನು ಅಲ್ಲಿಲ್ಲ ಎಂದು ಅಲ್ಲಿಯವರು ಏಕೆ ಬರೆದುಕೊಡುತ್ತಾರೆ? ಫ್ಲೆಕ್ಸ್‌ನಲ್ಲಿ ಕನ್ನಡದಲ್ಲಿ ನಗಿಸುವಾಗ ಯಾರೂ ನನ್ನ ಮನೆಮಾತು ಕೇಳಿರಲಿಲ್ಲ.

“ಫೋಟೋ ಉಂದಿ, ಪೇರು ಲೇದು” ಎಂದು ಅಮ್ಮ ಬೀದಿಗೆಲ್ಲ ಹೇಳಿಕೊಂಡು ನಕ್ಕಳು. ಫೋಟೋ ಇದೆ, ಹೆಸರಿಲ್ಲ. ನಾನೂ ನಕ್ಕೆ. ನಗದಿದ್ದವನು ವೆಂಕಟೇಶಪ್ಪನವರ ಮೊಮ್ಮಗ ಹೇಮಂತ್. ಈಗಷ್ಟೇ ಹದಿನೆಂಟು ತುಂಬಿದ ಅವನಿಗೆ, ಹದಿನೆಂಟಾಗುತ್ತಲೇ ಹೆಸರು ಸೇರಿಸು ಎಂದು ಹೇಳಿ ವರ್ಷದಿಂದ ಪ್ರಾಣ ತಿಂದವಳು ನಾನೇ.

“ಅಕ್ಕಾ, ನಿಂಗೇ ಹಿಂಗಾದ್ರೆ ನನ್ನ ಯಾರು ಕೇಳ್ತಾರೆ? ಮಗ್ಗ ಬಿಟ್ಟು ಯಾಕೆ ಅಲೀಲಿ? ನಾನೂ ಫೋಟೋದಾಗೇ ಓಟು ಹಾಕ್ತೀನಿ ಬಿಡು” ಅಂದ.

ಮತಗಟ್ಟೆಯಲ್ಲಿ ಆದದ್ದಕ್ಕಿಂತ ಹೆಚ್ಚು ಅವಮಾನ ಆಗ ಆಯಿತು. ಕೊನೆಗೆ, ಒಂದೇ ಒಂದು ಸಲ ನನ್ನ ಜೊತೆ ಅರ್ಜಿ ಹಾಕು ಎಂದು ಅವನ ಗಲ್ಲ ಹಿಡಿದು ಒಪ್ಪಿಸಿದ್ದೇನೆ.

ಆದ್ದರಿಂದ ಮಾನ್ಯರೇ, ನಮ್ಮ ಬೀದಿಗೆ ಸಂಜೆ ಬನ್ನಿ. ಬಾಗಿಲು ಮುಚ್ಚಿದ್ದರೆ ಪಕ್ಕದ ಜಗಲಿಯಲ್ಲಿ ಕೇಳಿ. ನಾನು ರಾಯದುರ್ಗದಲ್ಲಿ ಇದ್ದೇನೆಯೇ ಎಂಬುದನ್ನು ನಿಮ್ಮ ಕಂಪ್ಯೂಟರಿನಲ್ಲೇ ಹುಡುಕಿ, ನನ್ನನ್ನು ಹುಡುಕಲು ನನ್ನನ್ನೇ ಕಳಿಸಬೇಡಿ. ಮುಂದಿನ ಚುನಾವಣೆಯೊಳಗೆ ನಮ್ಮಿಬ್ಬರ ಹೆಸರೂ ಪಟ್ಟಿಯಲ್ಲಿರಬೇಕು.

ಮೊನ್ನೆ ನಿಮ್ಮ ಕಚೇರಿಯಿಂದ ಫೋನ್ ಬಂದಿತ್ತು. ಹೊಸ ಫ್ಲೆಕ್ಸ್‌ಗೆ ನನ್ನ ಫೋಟೋ ಬೇಕಂತೆ. ಖಂಡಿತ ಕೊಡುತ್ತೇನೆ. ಆದರೆ ಈ ಸಲ ನಾನು ಮತ ಹಾಕಿ ಹೊರಬಂದ ಮೇಲೆ ತೆಗೆಯಿರಿ. ಪಕ್ಕದಲ್ಲಿ ಹೇಮಂತನೂ ಇರುತ್ತಾನೆ, ಸ್ಕೆಚ್ ಪೆನ್ನು ತರಬೇಡಿ.

ಇಂತಿ,
ಹಾಕದ ಮತಕ್ಕೆ ಇನ್ನೂ ಕಾಂಪೌಂಡಿನ ಮೇಲೆ ನಗುತ್ತಿರುವ
ಶ್ರೀವಾಣಿ
ಮೊಳಕಾಲ್ಮೂರು (ಬೇಕಿದ್ದರೆ ಪಕ್ಕದ ಮನೆಯಲ್ಲಿ ಕೇಳಿ)