ಚಿಕ್ಕಯ್ಯನ ಹೆಸರಿಗೆ ಬಡಿದ ತಮಟೆ

ಮಾನ್ಯ ಕಂದಾಯಾಧಿಕಾರಿಗಳೇ,

ತೀರಿಕೊಂಡ ಮನುಷ್ಯನಿಂದ ಮನೆ ಕಂದಾಯ ವಸೂಲು ಮಾಡಲು ನಿಮ್ಮ ಕಚೇರಿ ಕಳೆದ ಬುಧವಾರ ಕೆಸರೆಯ ನಮ್ಮ ಬೀದಿಗೆ ತಮಟೆ ಕಳಿಸಿತ್ತು. ಆ ಹೊತ್ತಿನಲ್ಲಿ ನಾನು ಇಲವಾಲದ ನೆಂಟರ ಮನೆಯಲ್ಲಿದ್ದೆ. ಈ ಕಥೆಯನ್ನು ನನಗೆ ಮೊದಲು ಹೇಳಿದವರು ಎದುರು ಮನೆಯ ಮಾದೇವಮ್ಮ, ಅದೇ ದಿನ ಸಂಜೆ, ಮನೆ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಾ. ಬೀದಿಯ ಆರೇಳು ಮಂದಿ ಸುತ್ತ ಕೂತು ನಾವೂ ಸುಲಿಯುತ್ತಾ ಕೇಳಿದೆವು. ನಿಮ್ಮ ಸಿಬ್ಬಂದಿ ಇದನ್ನು ನಿಮಗೆ ಹೇಳಿರಲಾರರು. ಆದ್ದರಿಂದ ನಾನು ಹೇಳುತ್ತೇನೆ.

ಚಿಕ್ಕಯ್ಯ ಮಾದೇವಮ್ಮನವರ ಗಂಡ. ಮರದ ಸಾಮಾನಿಗೆ ಪಾಲಿಶ್ ಹಾಕಿ ದುಡಿದು ಆ ಮನೆ ಕಟ್ಟಿದವರು. ಕೊರೋನಾದ ಎರಡನೆಯ ಅಲೆಯಲ್ಲಿ ಹೋಗಿಬಿಟ್ಟರು. ಆಮೇಲೆ ಮಾದೇವಮ್ಮ ಖಾತೆಯನ್ನು ತಮ್ಮ ಹೆಸರಿಗೆ ಮಾಡಿಕೊಡಿ ಎಂದು ನಿಮ್ಮಲ್ಲಿಗೆ ಅರ್ಜಿ ಕೊಟ್ಟರು. ಆ ವರ್ಷದ ಕಂದಾಯ ಕಟ್ಟಲು ಹೋದರೆ ಒಂದು ಮೇಜಿನವರು, "ಖಾತೆ ಅರ್ಜಿ ಇತ್ಯರ್ಥ ಆಗೋವರೆಗೂ ನಿಮ್ಮ ಮನೆ ನಂಬರ್ ಲಾಕ್ ಆಗಿದೆ, ದುಡ್ಡು ಕಟ್ಟಿಸ್ಕೊಳ್ಳೋಕೆ ಬರಲ್ಲ" ಎಂದರು. ಪಕ್ಕದ ಮೇಜಿನವರು, "ಕಂದಾಯ ಬಾಕಿ ಇದೆಯಲ್ಲಮ್ಮ, ಕಟ್ಟೋವರೆಗೂ ಅರ್ಜಿ ಮುಂದಕ್ಕೆ ಹೋಗಲ್ಲ" ಎಂದರು. ಆ ಎರಡು ಮೇಜಿಗೂ ಮೇಲೆ ಒಂದೇ ಫ್ಯಾನು. ಇಬ್ಬರಿಗೂ ಒಂದೇ ಗಾಳಿ ತಾಗುತ್ತದೆ, ಒಬ್ಬರ ಮಾತು ಇನ್ನೊಬ್ಬರಿಗೆ ತಾಗುವುದಿಲ್ಲ. ವರ್ಷಗಳಿಂದ ಆ ಹೆಂಗಸು ಚೀಲದಲ್ಲಿ ದುಡ್ಡಿಟ್ಟುಕೊಂಡು ಈ ಮೇಜಿನಿಂದ ಆ ಮೇಜಿಗೆ ನಡೆದಿದ್ದಾರೆ. ಇಂಥವರಿಗೆ ಸುಸ್ತಿದಾರರು ಎನ್ನುತ್ತೀರಲ್ಲ, ಒಂದು ಅರ್ಥದಲ್ಲಿ ಸರಿಯೇ. ಸುಸ್ತಾಗಿರುವುದು ನಿಜ.

ಬುಧವಾರ ಜೀಪು ಬಂತು. ಇಬ್ಬರು ಸಿಬ್ಬಂದಿ ಇಳಿದರು, ಹಿಂದೆ ತಮಟೆಯ ನಿಂಗಯ್ಯ. ನಿಮ್ಮವರು ಬಾಗಿಲ ಮುಂದೆ ನಿಂತು ಚಿಕ್ಕಯ್ಯನ ಹೆಸರನ್ನು ಬೀದಿಗೆಲ್ಲ ಕೇಳುವಂತೆ ಕೂಗಿದರು. ನಿಂಗಯ್ಯ ಬಡಿದ.

"ಅವ್ರಿಲ್ಲ ಕಣಪ್ಪ" ಎಂದರು ಮಾದೇವಮ್ಮ.

"ಎಲ್ಲೋಗವ್ರೆ?"

"ಕೊರೋನಾದಲ್ಲಿ ಹೋದ್ರು."

ತಮಟೆ ಸದ್ದಿನಲ್ಲಿ ನಿಮ್ಮವರಿಗೆ ಎಷ್ಟು ಕೇಳಿಸಿತೋ! "ಬಂದ ತಕ್ಷಣ ಆಫೀಸ್ಗೆ ಕಳ್ಸಿ" ಎಂದು ಹೇಳಿ ಬಾಗಿಲಿಗೆ ನೋಟೀಸು ಅಂಟಿಸಿದರು. ಈ ತಿಂಗಳೊಳಗೆ ಕಟ್ಟದಿದ್ದರೆ ಮನೆಗೆ ಬೀಗಮುದ್ರೆಯಂತೆ. ಕಟ್ಟಲು ಬಂದರೆ ಬೇಡ, ಕಟ್ಟದಿದ್ದರೆ ಬೀಗ. ಆಕೆ ಏನು ಮಾಡಬೇಕಿತ್ತು, ಸ್ವಾಮಿ?

ನಮ್ಮ ಕಡೆ ಮದುವೆಯಿಲ್ಲದ, ದೇವರಿಲ್ಲದ ದಿನ ಒಂದು ಮನೆಯ ಮುಂದೆ ತಮಟೆ ಬಡಿದರೆ ಏನರ್ಥವೆಂದು ನಿಮಗೆ ಯಾರೂ ಹೇಳಿಲ್ಲವೇ? ಬೀದಿಯ ಕೊನೆಯ ಮನೆಯ ಬಿಂದು ಸದ್ದು ಕೇಳಿ, ಮಾದೇವಮ್ಮನೇ ಹೋದರೆಂದುಕೊಂಡು, ವಿಜಯನಗರ ಬಡಾವಣೆಯಲ್ಲಿರುವ ಅವರ ತಮ್ಮ ರೇವಣಸಿದ್ದನಿಗೆ ಫೋನು ಮಾಡಿದಳು. ಅವನು ಅಳುತ್ತಲೇ ಸ್ಕೂಟರಿನಲ್ಲಿ ಬಂದ. ಕೈಯಲ್ಲಿ ಆಳೆತ್ತರದ ಹಾರ. ಅಕ್ಕ ಇನ್ನೂ ಬಾಗಿಲಲ್ಲಿ ನಿಂತು ನಿಮ್ಮವರೊಂದಿಗೆ ವಾದ ಮಾಡುತ್ತಿರುವುದನ್ನು ಕಂಡು ಹಾರವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ಏನೋ ಅದು?"

"ಏನಿಲ್ಲ ಕಣಕ್ಕ."

"ನಂಗೆ ತಂದ್ಯಾ? ಕೊಡಿಲ್ಲಿ, ದುಡ್ಡು ದಂಡ ಆಯ್ತದೆ."

ಆ ಹಾರವನ್ನು ಒಳಗೆ ಒಯ್ದು ಗಂಡನ ಪಟಕ್ಕೆ ಹಾಕಿ ಬಂದರು. ಚಿಕ್ಕಯ್ಯನನ್ನು ಆಸ್ಪತ್ರೆಯಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನೇರವಾಗಿ ಸಾಗಿಸಿದ್ದರು. ಅವರಿಗೆ ಹಾರವೂ ಇರಲಿಲ್ಲ, ತಮಟೆಯೂ ಇರಲಿಲ್ಲ.

"ನಿಂಗಯ್ಯ, ಇದ್ಯಾವ ಬಡಿತವೋ? ಮದ್ವೆದಲ್ಲ, ಸಾವಿಂದಲ್ಲ" ಎಂದರು ಮಾದೇವಮ್ಮ.

"ಜೋರಾಗ್ ಬಡಿ ಅಂದ್ರು ಕಣಕ್ಕ, ಬಡ್ದೆ."

"ಹೆಸ್ರು ಹೆಂಗೂ ಕೂಗ್ಬುಟ್ರಲ್ಲ. ಸರಿಯಾಗೇ ಬಡ್ದ್ಬುಡು. ಆವತ್ತು ಅವ್ರು ಸುಮ್ನೆ ಹೋದ್ರು."

ನಿಂಗಯ್ಯ ನಿಮ್ಮವರ ಮುಖ ನೋಡಲಿಲ್ಲ. ಸಾವಿನ ಬಡಿತ ಎತ್ತಿದ. ಅಕ್ಕಪಕ್ಕದವರು ಒಬ್ಬೊಬ್ಬರೇ ಹೊರಗೆ ಬಂದು ನಿಂತರು. ರೇವಣಸಿದ್ದ ಗೋಡೆಗೆ ಹಣೆ ಒತ್ತಿ ಅತ್ತ. ನಿಮ್ಮ ಸಿಬ್ಬಂದಿಯಲ್ಲಿ ಒಬ್ಬ ಚಪ್ಪಲಿ ಬಿಟ್ಟನಂತೆ. ಅವನನ್ನು ನಾನು ಬೈಯುವುದಿಲ್ಲ. ಅವನನ್ನು ಕಳಿಸಿದ ಏರ್ಪಾಡನ್ನು ಬೈಯುತ್ತೇನೆ. ಬದುಕಿದ್ದಾಗ ಕಂದಾಯ ತಪ್ಪಿಸದ ಮನುಷ್ಯನ ಹೆಸರನ್ನು ಸತ್ತ ಮೇಲೆ ಬೀದಿಯಲ್ಲಿ ಕೂಗಿಸುವ ಅಧಿಕಾರ ನಿಮಗೆ ಯಾವ ಕಾಯಿದೆಯಿಂದ ಬಂತು? ದೊಡ್ಡ ದೊಡ್ಡ ಕಟ್ಟಡಗಳ ಬಾಕಿಗೆ ಈ ತಮಟೆ ಯಾಕೆ ದಾರಿ ತಪ್ಪುತ್ತದೆ?

ನಮ್ಮ ಬೇಡಿಕೆ ಕೇಳಿ. ಆ ಲಾಕು ತೆಗೆಯಿರಿ. ಖಾತೆಯನ್ನು ಮಾದೇವಮ್ಮನವರ ಹೆಸರಿಗೆ ಮಾಡಿ, ಅವರ ಕೈಯಿಂದ ಕಂದಾಯ ಕಟ್ಟಿಸಿಕೊಳ್ಳಿ. ದಂಡ, ಬಡ್ಡಿ ಹಾಕಬೇಡಿ, ತಡ ಮಾಡಿದವರು ಅವರಲ್ಲ. ಅಂಟಿಸಿದವರೇ ಬಂದು ನೋಟೀಸು ಕೀಳಲಿ. ಅದೇ ಜಾಗದಲ್ಲಿ, ಅಷ್ಟೇ ಜೋರಾಗಿ ತಮಟೆ ಬಡಿಸಿ, ತಪ್ಪು ನಮ್ಮದು ಎಂದು ಸಾರಿಸಿ ಎಂದೂ ಕೇಳುವವನಿದ್ದೆ. ಅದೊಂದನ್ನು ನಿಮಗೆ ಬಿಡಲಿಲ್ಲ.

ಯಾಕೆಂದರೆ ಕಥೆ ಕೇಳಿದ ನಾವೆಲ್ಲ ಮರುದಿನ ಬೆಳಿಗ್ಗೆ ಕೈಯಿಂದ ದುಡ್ಡು ಹಾಕಿ ನಿಂಗಯ್ಯನನ್ನು ಕರೆಸಿದೆವು. ಅವನು ಬೀದಿಯ ಈ ತುದಿಯಿಂದ ಆ ತುದಿಯವರೆಗೆ, "ಮಾದೇವಕ್ಕ ಬಾಕಿದಾರ್ರಲ್ಲ, ಕಟ್ಟೋಕೋದ್ರೆ ಆಫೀಸ್ನೋರೇ ಇಸ್ಕೊಳ್ನಿಲ್ಲ, ಕೇಳ್ರಪ್ಪೋ ಕೇಳ್ರಿ" ಎಂದು ಸಾರಿದ. ಕೂಲಿ ಕೊಡುವಾಗ ನಾನು, "ಆಫೀಸಿನವರು ಎಷ್ಟು ಕೊಟ್ರು ನಿಂಗಯ್ಯ?" ಎಂದು ಕೇಳಿದೆ.

"ಎಲ್ಲಿ ಕೊಟ್ರು ಪುಟ್ಟಣ್ಣೋರೆ? ಹೋದ ವರ್ಷದ್ದೂ ಬಾಕಿ ಅದೆ."

ಮಾದೇವಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ಹಂಗಾದ್ರೆ ನಡಿಯಪ್ಪ" ಎಂದರು, "ಇನ್ನೊಂದ್ ಬಾಗ್ಲ ಮುಂದೆ ಬಡಿಯೋದದೆ." ನಿಂಗಯ್ಯ ತಮಟೆ ಕಾಯಿಸಲು ಕೂತ. ಬಿಂದು ನಿಮ್ಮ ಕಚೇರಿಗೆ ಆಟೋ ಕರೆಯಲು ಓಡಿದಳು.

ಇಂತಿ,
ಕಂದಾಯ ತಪ್ಪದೆ ಕಟ್ಟಿಯೂ ಜೀಪಿನ ಸದ್ದಿಗೆ ರಸೀದಿ ಹುಡುಕುವ
ಎದುರು ಮನೆಯ ಪುಟ್ಟಣ್ಣ, ಕೆಸರೆ