ಅಸರ್ ಹೊತ್ತಿಗೆ ಮುಚ್ಚುವ ಬಾಗಿಲು

ಫೆಬ್ರವರಿ 2, 2016. ಮಂಗಳವಾರ, ರಾಮನಗರ

ಇವತ್ತೂ ಹಾಗೇ ಆಯಿತು. ಸ್ಕೂಲಿಂದ ಬಂದವಳೇ ಬ್ಯಾಗ್ ಎಸೆದು, ಕೈಕಾಲು ಮುಖ ತೊಳೆದು ವುಜೂ ಮುಗಿಸಿ, ದಾದಿಯ, ಅಂದರೆ ನನ್ನ ಅತ್ತೆಯ, ರೂಮಿಗೆ ಓಟ. ಒಳಗಿಂದ ಚಿಲಕ. ಇಳಿಹೊತ್ತಿನ ಅಸರ್ ನಮಾಜಂತೆ.

ಹೋದ ತಿಂಗಳವರೆಗೆ ದಿಲ್ಶಾದ್‌ಗೆ ನಮಾಜಿಗೆ ನಿಲ್ಲು ಅಂದರೆ ಹೊಟ್ಟೆನೋವು, ಕಾಲುನೋವು... ಊರಲ್ಲಿರುವ ನೋವೆಲ್ಲ ನನ್ನ ಮಗಳಿಗೇ. ಬೈದೆ, ಕಿವಿ ಹಿಂಡಿದೆ, ಟೀವಿ ವೈರ್ ಕಿತ್ತಿಟ್ಟೆ. ಜಗ್ಗಲಿಲ್ಲ. ಈಗ ಕರೆಯುವ ಮೊದಲೇ ಓಡುತ್ತಾಳೆ. ಖುಷಿಪಡಬೇಕು ನಾನು. ಆಗುತ್ತಿಲ್ಲ. ಒಂಬತ್ತು ವರ್ಷದ ಮಕ್ಕಳು ಸುಮ್ಮಸುಮ್ಮನೆ ಒಳ್ಳೆಯವರಾಗುವುದಿಲ್ಲ.

ಅತ್ತೆಯದೇ ಏನೋ ಕೈವಾಡ.

ಫೆಬ್ರವರಿ 3

ಅತ್ತೆ ಬಚ್ಚಲಿಗೆ ಹೋದಾಗ ರೂಮೆಲ್ಲ ಜಾಲಾಡಿದೆ. ದಿಂಬಿನ ಕೆಳಗೆ ಜಪಮಣಿ, ನೋವಿನ ಮುಲಾಮು. ಚಾಕೊಲೇಟ್ ಕಾಗದವಿಲ್ಲ, ಮೊಬೈಲಿಲ್ಲ. ಏನೂ ಸಿಗದಿದ್ದಕ್ಕೆ ಅನುಮಾನ ಇನ್ನೂ ಜಾಸ್ತಿಯಾಯಿತು.

ಮಗಳನ್ನೇ ಕೇಳಿದೆ. "ಬಾಗ್ಲು ಯಾಕೆ ಹಾಕ್ಕೋಬೇಕು?"

"ದಾದಿ ಹೇಳ್ಬ್ಯಾಡ ಅಂದವ್ರೆ." ಅಂದವಳೇ ನಾಲಿಗೆ ಕಚ್ಚಿಕೊಂಡಳು.

ಇವರಿಗೆ ಹೇಳಿದೆ. ಮಾರ್ಕೆಟ್ಟಿಂದ ರೇಷ್ಮೆಗೂಡು ತಂದು ಸುರಿದು ಸುಸ್ತಾಗಿ ಕೂತಿದ್ದರು. "ಮಾಡ್ದಿದ್ರೂ ಬೈತೀಯ, ಮಾಡಿದ್ರೂ ಬೈತೀಯ. ಏನ್ ಮಾಡ್ಬೇಕು ಆ ಮಗ?"

ತಾಯಿ ವಿಷಯ ಬಂದರೆ ಇವರಿಗೆ ಕಣ್ಣೇ ಕಾಣಿಸುವುದಿಲ್ಲ.

ಫೆಬ್ರವರಿ 5. ಶುಕ್ರವಾರ

ನಮ್ಮ ರೇಷ್ಮೆ ನೂಲಿನ ಯೂನಿಟ್‌ನಲ್ಲಿ ಗೂಡು ಬೇಯಿಸುವ ಬೋರಮ್ಮ ತಾನಾಗೇ ಬಾಯಿಬಿಟ್ಟಳು.

"ಹಮೀದವ್ವ, ನಿಮ್ ಮಗ ಅದೆಷ್ಟು ಚೆಂದಾಗಿ ಓದ್ತದೆ! ಹಿಂದಿನ್ ಕಿಟಕೀಲಿ ದಿನಾ ಕೇಳಿಸ್ತದೆ. ನಂಗೊಂದಕ್ಸರ ತಿಳೀದು, ಆದ್ರೂ ಒಸಿ ನಿಂತ್ಕಂಡು ಕೇಳ್ಬುಟ್ಟೇ ಹೋಗೋದು."

"ಯಾವಾಗ?"

"ನಾನು ಮನೆಗೆ ಹೊಂಡೋವಾಗ. ಇನ್ನೂ ಬಿಸ್ಲಿರ್ತದಲ್ಲ, ಆಗ."

ಅಸರ್‌ನಲ್ಲಿ ಗಟ್ಟಿಯಾಗಿ ಓದುವಂತಿಲ್ಲ. ಹಗಲಿನ ನಮಾಜು ತುಟಿಯಲ್ಲೇ ಆಗಬೇಕು, ಸಣ್ಣ ಮಕ್ಕಳಿಗೂ ಗೊತ್ತಿರುವ ವಿಷಯ. ಒಂದು ಹೊತ್ತೂ ತಪ್ಪಿಸದ ಅತ್ತೆಗೆ ಗೊತ್ತಿಲ್ಲವೇ? ಗೊತ್ತಿದ್ದೂ ಸುಮ್ಮನಿದ್ದಾರೆ ಅಂದರೆ ಅದು ನಮಾಜಲ್ಲ. ಬೇರೇನೋ ಓದಿಸುತ್ತಿದ್ದಾರೆ. ಗಂಡು ಮೊಮ್ಮಗನಿಗಾಗಿ ಏನಾದರೂ? ಇಲ್ಲ ಮಗಳನ್ನು ನನ್ನಿಂದ ಬಿಡಿಸಲು—

ನಾಳೆ ನಾನೇ ಕಿಟಕಿ ಹತ್ತಿರ ನಿಲ್ಲುತ್ತೇನೆ.

ಫೆಬ್ರವರಿ 6. ಸಂಜೆ

ನಿಂತೆ. ನೋಡಿದೆ. ದಿಲ್ಶಾದ್ ಜಾನಮಾಜಿನ ಚಾಪೆಯ ಮೇಲೆ, ಅತ್ತೆ ಪಕ್ಕದ ಕುರ್ಚಿಯಲ್ಲಿ. ಇವಳು ರಾಗವಾಗಿ ಗಟ್ಟಿಯಾಗಿ ಓದುತ್ತಾಳೆ, ಅತ್ತೆ ಇವಳ ಮುಖವನ್ನೇ ನೋಡುತ್ತ ತುಟಿ ಅಲ್ಲಾಡಿಸುತ್ತಾರೆ. ಓದುತ್ತಿದ್ದದ್ದು ನಮಾಜನ್ನೇ. ಆದರೂ ತಪ್ಪು ತಪ್ಪೇ ತಾನೆ? ಮುಗಿಯುವವರೆಗೆ ಕಾದು ಬಾಗಿಲು ಬಡಿದೆ.

"ಅಸರ್‌ನಲ್ಲಿ ಕೂಗ್ಕೊಂಡು ಓದ್ತಾರೇನೇ? ಇಷ್ಟು ದಿನ ಮಾಡಿದ್ದು ಒಂದೂ ನಮಾಜೇ ಅಲ್ಲ!"

ದಿಲ್ಶಾದ್ ದಾದಿಯ ಕಡೆ ನೋಡಿದಳು. ಅತ್ತೆ ತಲೆ ತಗ್ಗಿಸಿ, "ನಾನೇ ಹೇಳಿದ್ದು ಕಣವ್ವ, ಅವಳನ್ನ ಬೈಬ್ಯಾಡ" ಅಂದರು.

ಗೆದ್ದೆ ಅನ್ನಿಸಿತು.

ಫೆಬ್ರವರಿ 11

ಬರೆಯಲು ಮನಸ್ಸಿರಲಿಲ್ಲ. ದಿಲ್ಶಾದ್ ನಮಾಜು ಬಿಟ್ಟಿದ್ದಾಳೆ. "ಒಂದೂ ನಮಾಜೇ ಅಲ್ಲ ಅಂದ್ಯಲ್ಲ. ಮತ್ಯಾಕ್ ಮಾಡ್ಲಿ?" ಕಿವಿ ಹಿಂಡಲು ಕೈ ಏಳಲಿಲ್ಲ.

ಅತ್ತೆಯ ಬಾಗಿಲು ಈಗ ತೆರೆದೇ ಇರುತ್ತದೆ. ಇವತ್ತು ಆ ಕಡೆ ಹೋದಾಗ ಅಸರ್‌ಗೆ ಕೈ ಕಟ್ಟಿ ಕೂತಿದ್ದರು. ತುಟಿ ಅಲ್ಲಾಡುತ್ತಿಲ್ಲ. ಬಟ್ಟೆ ಮಡಿಸಿ ಬಂದೆ, ಹಾಗೇ ಕೂತಿದ್ದರು. ಮೊದಲಿಂದ ಶುರು ಮಾಡಿದರು. ಮತ್ತೆ ನಿಂತಿತು. ಹೊತ್ತು ಮುಳುಗಿ ಮಸೀದಿಯಿಂದ ಮಗ್ರಿಬ್ ಬಾಂಗ್ ಆಯಿತು, ಅತ್ತೆಯ ಅಸರ್ ಇನ್ನೂ ಮುಗಿದಿಲ್ಲ. ಕಣ್ಣಲ್ಲಿ ನೀರು.

"ಅಮ್ಮಾ, ಏನಾಯ್ತು?"

"ಅಲ್‌ಹಮ್ದು ಆದ್ಮೇಲೆ ಏನ್ ಓದ್ಬೇಕು ಅಂತ ಹೊಳೀತಿಲ್ಲ ಹಮೀದಾ. ಮಗ ಗಟ್ಟಿಯಾಗಿ ಓದ್ತಿದ್ರೆ ಅವಳ ಹಿಂದ್ಹಿಂದೇ ಹೋಗ್ತಿದ್ದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಅರಳುಮರಳು ಮುದುಕಿ ಅಂತ ಚನ್ನಪಟ್ಟಣಕ್ಕೆ, ಮಗಳ ಮನೆಗೆ ಸಾಗಾಕ್ಬುಡ್ತೀಯ ಅಂತ."

ನಾಚಿಕೆಯಾಯಿತು. ಸಿಟ್ಟೂ ಬಂತು. ನಾನು ಅಷ್ಟು ಕೆಟ್ಟವಳೇ? ದಿಂಬಿನ ಕೆಳಗೆಲ್ಲ ಕೈ ಹಾಕಿದವಳು ಈ ಪ್ರಶ್ನೆ ಕೇಳಬಾರದೇನೋ.

ಫೆಬ್ರವರಿ 12

ಬೀದಿಯ ಹೆಣ್ಣುಮಕ್ಕಳಿಗೆ ಅರಬ್ಬಿ ಕಲಿಸುವ ಫಿರೋಜಾ ಆಪಾ ಹತ್ತಿರ ಹೋಗಿ ಎಲ್ಲ ಹೇಳಿದೆ. "ಮರೆವಿನವ್ರಿಗೆ ಪಕ್ಕದಲ್ಲಿ ಕೂತು ಹೇಳ್ಕೊಡಿ, ಅವ್ರ ಕೈಲಾದಷ್ಟು ಮಾಡ್ಲಿ" ಅಂದರು. ಆಮೇಲೆ, "ಅದಿರ್ಲಿ, ತಾನಾಗೇ ಓಡಿಬಂದ ಮಗೂನ ಓಡಿಸಿಬಿಟ್ಯಲ್ಲ ಹಮೀದಾ" ಅಂದರು. ಈ ಮಾತು ದಾರಿಯುದ್ದಕ್ಕೂ ಕುಟುಕಿತು.

ಮನೆಗೆ ಬಂದು ಮಗಳನ್ನು ಪುಸಲಾಯಿಸಿದೆ.

"ನೀನೇ ಹೇಳ್ಕೊಡು. ನಿಂಗೆ ಎಲ್ಲಾ ಸರ್ಯಾಗಿ ಬತ್ತದಲ್ಲ." ಮುಖವನ್ನೂ ನೋಡಲಿಲ್ಲ.

ಅವಳಿಗೆ ನಮಾಜಿನ ರುಚಿ ಹತ್ತಿತ್ತು. ನನ್ನ ಕೈಯಾರೆ ಕೆಡಿಸಿದೆ.

ಫೆಬ್ರವರಿ 13. ಸಂಜೆ

ನನ್ನ ನಮಾಜು ಮೊದಲೇ ಮುಗಿಸಿ ಅತ್ತೆಯ ಕುರ್ಚಿ ಪಕ್ಕ ಕೂತೆ. ಅವರು ಸೆಟೆದುಕೊಂಡೇ ಇದ್ದರು, ನನ್ನನ್ನು ಇನ್ನೂ ನಂಬಿಲ್ಲ. ನಾನು ಓದುತ್ತ ಹೋದೆ. ಅಲ್‌ಹಮ್ದು ಮುಗಿಯಿತು. ಅದರ ಮುಂದೆ ಓದುವ ಕುರಾನಿನ ಸೂರಾ ಎತ್ತಿ, ನಡುವೆ ನಿಲ್ಲಿಸಿದೆ.

ದಿಲ್ಶಾದ್ ಬಾಗಿಲಲ್ಲಿ ಜಡೆ ಕಚ್ಚುತ್ತ ನಿಂತಿದ್ದಳು. ಕಾದೆ. ಅತ್ತೆಯೂ ಕೈ ಕಟ್ಟಿ ಕಾದರು.

ಮುಂದಿನ ಸಾಲು ಬಾಗಿಲಿಂದ ಬಂತು. ಮೊದಲು ಮೆಲ್ಲಗೆ, ಆಮೇಲೆ ರಾಗವಾಗಿ. ಅತ್ತೆಯ ತುಟಿ ಅದರ ಹಿಂದೆಯೇ ಹೋಯಿತು. ನಮಾಜು ಮುಗಿಸುವ ಸಲಾಂ ಹೇಳುವವರೆಗೂ ಅವಳೇ ಓದಿಸಿದಳು. ಆಮೇಲೆ ನಲ್ಲಿಗೆ ಓಡಿ ವುಜೂ ಮಾಡಿ ಬಂದು, ಯಾರೂ ಹೇಳದೆ, ತನ್ನ ನಮಾಜಿಗೆ ನಿಂತಳು. ನನಗೆ ಅಳು ತಡೆಯಲಾಗಲಿಲ್ಲ. ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋದೆ.

ರಾತ್ರಿ ಊಟಕ್ಕೆ ಕೂತಾಗ ಕಣ್ಣು ಕಿರಿದು ಮಾಡಿ ಕೇಳಿದಳು, ಥೇಟ್ ನನ್ನ ಹಾಗೆ. "ಅಮ್ಮಿ, ನಿಜ್ವಾಗ್ಲೂ ಮರ್ತೋಗಿತ್ತಾ? ಇಲ್ಲಾ ಬೇಕಂತ ನಿಲ್ಸಿದ್ಯಾ?"

"ಮರ್ತೋಯ್ತು."

ನಂಬಿದಳೋ ಇಲ್ಲವೋ.

ಫೆಬ್ರವರಿ 14. ಭಾನುವಾರ

ಬಾಂಗ್ ಇನ್ನೂ ಆಗಿಲ್ಲ. ಅವಳಾಗಲೇ ಜಾನಮಾಜು ಹಾಸಿಟ್ಟಿದ್ದಾಳೆ. ನಾನು ಹೊರಗೆ ಕೂತು ಬರೆಯುತ್ತಿದ್ದೇನೆ, ಒಳಗಿನ ಪಿಸುಮಾತು ಚೆನ್ನಾಗಿ ಕೇಳಿಸುತ್ತಿದೆ.

"ದಾದಿ, ಅಮ್ಮಿಗೂ ಮರೆವು ಶುರುವಾಗೈತೆ. ಇನ್ಮೇಲೆ ನಿಮ್ಮಿಬ್ರನ್ನೂ ನಾನೇ ನೋಡ್ಕೋಬೇಕು."

ಅತ್ತೆ ಬಾಗಿಲಾಚೆಯಿಂದ ನನ್ನನ್ನೇ ನೋಡಿದರು. ನಿನ್ನೆಯ ನಾಟಕ ಅವರಿಗೆ ಗೊತ್ತಾಗಿದೆ, ಸಂಶಯವೇ ಇಲ್ಲ. ಹೇಳಿಬಿಡುತ್ತಾರೆ ಈಗ...

"ಹೂಂ ಕಣವ್ವ. ನಿಮ್ಮಮ್ಮಿಗೆ ನಂಗಿಂತ್ಲೂ ಜಾಸ್ತಿ. ಬುಟ್ಟೋಗ್ಬ್ಯಾಡ."

ಬಾಂಗ್ ಆಗುತ್ತಿದೆ. ಕರೆಯುತ್ತಿದ್ದಾಳೆ. ಎಲ್ಲಿ ಮರೆಯಬೇಕು ಇವತ್ತು, ಯಾವ ಸಾಲಿನಲ್ಲಿ?